ಉಬುಂಟುವಿನಿಂದ ಹಾಸನದ ವಿಂಡೋಸ್ ನಡೆಸಿದ ನನ್ನ ಅನುಭವ

ಹಾಸನದಲ್ಲಿ ಅಣ್ಣ ನಡೆಸುವ ಮುದ್ರಣಾಲಯದ ಕಂಪ್ಯೂಟರಿನಲ್ಲಿರುವುದು ವಿಂಡೋಸ್. ಬೆಂಗಳೂರಿನಲ್ಲಿ ನಾನು ಬಳಸುವ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಬಗೆಯ ಉಬುಂಟು. ಮುದ್ರಣಾಲಯದ ಲಗ್ನಪತ್ರಿಕೆಗಳ ಹಳೆಯ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ, ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಅಕ್ಷರಗಳಲ್ಲಿವೆ, ಪುಟವಿನ್ಯಾಸದ ತಂತ್ರಾಂಶವೂ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದು. ಹಾಗಾಗಿ ಕರಡು ತಿದ್ದಬೇಕಾದಾಗಲೆಲ್ಲ ಫೈಲನ್ನು ಇಲ್ಲಿಗೆ ತರಿಸಿಕೊಳ್ಳುವ ಬದಲು ಆ ಕಂಪ್ಯೂಟರನ್ನೇ ಇಲ್ಲಿಂದ ನಡೆಸುವುದು ಲೇಸೆನಿಸಿತು.

ಅಲ್ಲಿದ್ದದ್ದು ವಿಂಡೋಸಿನ ಹೋಮ್ ಆವೃತ್ತಿ. ಅದು ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಮೊದಲು ದೂರದ ಪರದೆಯನ್ನು ತೋರಿಸುವ ಮತ್ತೊಂದು ವ್ಯವಸ್ಥೆಯಾದ ವಿಎನ್‌ಸಿ ಹಾಕಿದೆ. ವಿಎನ್‌ಸಿ ಪರದೆಯನ್ನು ಚಿತ್ರವಾಗಿಯೇ ಕಳುಹಿಸುತ್ತದೆ. ಪುಟವನ್ನು ತುಸು ಹಿಗ್ಗಿಸಿದರೂ ನಮ್ಮ ನಿಧಾನದ ಇಂಟರ್‌ನೆಟ್ಟಿನಲ್ಲಿ ಅದು ಚೌಕ ಚೌಕವಾಗಿ ಮೂಡುತ್ತಿತ್ತು. ಹಣ ಕೊಟ್ಟು ಪ್ರೊ ಆವೃತ್ತಿಗೆ ಏರಿಸಿ, ಇತ್ತ ಉಬುಂಟುವಿನ ರೆಮ್ಮಿನಾ ಎಂಬ ತಂತ್ರಾಂಶದಿಂದ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕದ ವಿಧಾನ) ಮೂಲಕ ಹೊಕ್ಕ ಮೇಲೆ ಕೆಲಸ ಚುರುಕಾಯಿತು. ಆದರೆ ನಾನು ಹೊಕ್ಕ ಕೂಡಲೇ ಅಣ್ಣನ ಮುಂದಿನ ಪರದೆಗೆ ಬೀಗ ಬೀಳುತ್ತದೆ. ಅವನಿಗೆ ಏನಾದರೂ ತೋರಿಸಿಕೊಡಬೇಕಾದರೆ ಇಬ್ಬರಿಗೂ ಒಂದೇ ಪರದೆ ಕಾಣುವ ವಿಎನ್‌ಸಿಯೇ ಬೇಕು. ಆದ್ದರಿಂದ ಎರಡನ್ನೂ ಉಳಿಸಿಕೊಂಡಿದ್ದೇನೆ.

ಆರ್‌ಡಿಪಿಯ ಬಾಗಿಲಾದ 3389ನೇ ಪೋರ್ಟನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡುವುದು ಬೀದಿಬಾಗಿಲಿಗೆ ಚಿಲಕವಿಲ್ಲದೆ ಮಲಗಿದಂತೆ. ನಮ್ಮಲ್ಲಿ ಅದು ಸಾಧ್ಯವೂ ಇರಲಿಲ್ಲ, ಏಕೆಂದರೆ ರೌಟರಿಗೆ ಸಿಕ್ಕಿದ್ದು 100.64ರಿಂದ ಆರಂಭವಾಗುವ, ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆಯ ಒಳವಿಳಾಸ; ಹೊರಗಿನಿಂದ ಅದನ್ನು ತಲುಪಲಾಗದು. ಬಾಡಿಗೆಗೆ ಪಡೆದ ಚಿಕ್ಕದೊಂದು ಸರ್ವರಿಗೆ ಹಾಸನದ ಕಂಪ್ಯೂಟರೇ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಹಿಮ್ಮುಖ ಸುರಂಗ ಕೊರೆಯುವಂತೆಯೂ, ಆ ಸುರಂಗದಿಂದಲೇ ನಾನು ಒಳಹೊಗುವಂತೆಯೂ ಮಾಡಿ, ಗುಪ್ತಪದದ ಪ್ರವೇಶವನ್ನು ನಿಲ್ಲಿಸಿ ಕೀಲಿ ಫೈಲನ್ನಷ್ಟೇ ಒಪ್ಪುವಂತೆ ಇರಿಸಿದೆ. ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಏಳುವಂತೆ ಅದರ ಮೂಲ ಹೊಂದಿಕೆಗಳಿರುವ ಬಯಾಸಿನಲ್ಲಿಯೂ, ಸುರಂಗ ತಾನಾಗಿ ಕೂಡಿಕೊಳ್ಳುವಂತೆ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿಯೂ ಹೊಂದಿಸಬೇಕಾಯಿತು.

ಇಷ್ಟೆಲ್ಲ ಒಂದು ಭಾನುವಾರದಲ್ಲಿ ಮುಗಿಯಿತು. ನಿಜವಾಗಿ ಕಾಡಿದ್ದು ಕೀಲಿಮಣೆ. ಉಬುಂಟುವಿನಲ್ಲಿ ಕನ್ನಡವನ್ನು ಆಯ್ದುಕೊಂಡು ಬರೆದರೆ ಅತ್ತ ಮೂಡಿದ್ದು ಬರೀ ಇಂಗ್ಲಿಷ್. ಆರ್‌ಡಿಪಿ ಕಳುಹಿಸುವುದು ಅಕ್ಷರವನ್ನಲ್ಲ, ಒತ್ತಿದ ಗುಂಡಿಯ ಸಂಖ್ಯೆಯನ್ನು. ಅದನ್ನು ಅಕ್ಷರವಾಗಿಸುವುದು ದೂರದ ಕಂಪ್ಯೂಟರ್. ಇದು ತಿಳಿದ ಮೇಲೆ ಇತ್ತ ಇಂಗ್ಲಿಷಿನಲ್ಲಿಯೇ ಬಿಟ್ಟು, ಅತ್ತ ನುಡಿಯನ್ನು ಚಾಲೂ ಮಾಡಿದರಾಯಿತು ಎಂದುಕೊಂಡೆ. ನುಡಿ ಚಾಲೂ ಆಗುವುದು ಸ್ಕ್ರೋಲ್ ಲಾಕ್ ಒತ್ತಿದರೆ; ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಆ ಗುಂಡಿಯೇ ಇಲ್ಲ! ಅಣ್ಣನಿಗೆ ಫೋನು ಮಾಡಿ ಒತ್ತಿಸೋಣವೆಂದರೆ ಅವನ ಪರದೆಗೆ ಬೀಗ ಬಿದ್ದಿದೆ.

ಕೊನೆಗೆ ವಿಂಡೋಸಿನದೇ ಆದ, ತೆರೆಯ ಮೇಲೆ ಮೂಡುವ ಕೀಲಿಮಣೆಯನ್ನು ತೆರೆದು ಅಲ್ಲಿನ ಸ್ಕ್ರೋಲ್ ಲಾಕನ್ನು ಮೌಸಿನಿಂದ ಒತ್ತಿದೆ. ಕೆ, ಎಫ್, ಕೆ ಎಂದು ಬೆರಳಾಡಿಸಿದಾಗ (ನುಡಿಯಲ್ಲಿ ಒತ್ತಕ್ಷರ ಕೂಡಿಸುವುದು ಎಫ್) ‘ಕ್ಕ’ ಮೂಡಿತು. ಆದರೆ ಬೇರೆ ಕಿಟಕಿಗೆ ಹೋಗಿ ಮರಳಿದಾಗ ಆರ್‌ಡಿಪಿಯು ಇತ್ತಲಿನ ಲಾಕ್ ಗುಂಡಿಗಳ ಸ್ಥಿತಿಯನ್ನು ಅತ್ತಲೂ ಹೇರುತ್ತದೆ, ನುಡಿ ನಿಂತುಹೋಗುತ್ತದೆ. ಹಾಗಾಗಿ ಬರೆಯುವ ಮುನ್ನ ಒಂದಕ್ಷರ ಒತ್ತಿ ನೋಡುವುದು ಈಗ ರೂಢಿಯಾಗಿದೆ, ಆ ಪುಟ್ಟ ಕೀಲಿಮಣೆಯಂತೂ ಪರದೆಯ ಮೂಲೆಯಲ್ಲಿ ತೆರೆದೇ ಇರುತ್ತದೆ.