ಕಂಡದ್ದೆಲ್ಲ ಅಳತೆಗೆ ಸಿಗುವುದಿಲ್ಲ: ಎಂಟು ಕ್ಯಾಮೆರಾಗಳಿಗೆ ಜಾಗ ಹುಡುಕಿದ ನನ್ನ ಅನುಭವ

ಪಂಪಿನ ಎರಕದ ಕವಚವೊಂದನ್ನು ಎಲ್ಲ ಬದಿಗಳಿಂದ ಒಂದೇ ಸಲಕ್ಕೆ ಸ್ಕ್ಯಾನ್ ಮಾಡಬೇಕಿತ್ತು. ಉದ್ದ ಸುಮಾರು 400 ಮಿ.ಮೀ. ಒಂದು ಬದಿಗೆ ಅಗಲವಾದ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸಲು ಹೊರಚಾಚಿದ ಅಂಚು), ಅದರ ಬೆನ್ನಿಗೆ ಎರಡು ಬೆರಳು ತೂರುವಷ್ಟು ಮಾತ್ರ ಜಾಗವಿರುವ ಆಳವಾದ ಸಂದು. ಮೇಲ್ಮೈಯ ಅಳತೆಯಲ್ಲಿ ತಪ್ಪು 0.1 ಮಿ.ಮೀ. ಮೀರುವಂತಿಲ್ಲ. ಕೈಯಲ್ಲಿದ್ದದ್ದು ಎಂಟು ಕ್ಯಾಮೆರಾ ಮತ್ತು ಪಟ್ಟೆ ಬೆಳಕು ಚೆಲ್ಲುವ ಮೂರು ಪ್ರೊಜೆಕ್ಟರ್. ಇವನ್ನು ಎಲ್ಲಿಡುವುದು ಎಂದು ತೀರ್ಮಾನಿಸಲು ಆರು ವಾರ ಹಿಡಿಯಿತು.

ಮೊದಲು ಯಾರಿಗಾದರೂ ಹೊಳೆಯುವುದನ್ನೇ ನಾನೂ ಮಾಡಿದೆ: ಒಂದು ಮೀಟರ್ ತ್ರಿಜ್ಯದ ವೃತ್ತ, 45 ಡಿಗ್ರಿಗೊಂದರಂತೆ ಎಂಟೂ ಕ್ಯಾಮೆರಾ, ಎಲ್ಲವೂ ಒಂದೇ ಎತ್ತರದಲ್ಲಿ. ನೋಡುವುದಕ್ಕೆ ಚೆನ್ನಾಗಿತ್ತು. ಸ್ಕ್ಯಾನ್ ಮುಗಿದಾಗ ಪರದೆಯ ಮೇಲೆ ಫ್ಲೇಂಜಿನ ಹಿಂದೆ ಅರ್ಧಚಂದ್ರಾಕಾರದ ಕಪ್ಪು ತೂತು. ಬೋಲ್ಟ್ ರಂಧ್ರಗಳ ಸುತ್ತ ಬಿಂದುಗಳು ಮರಳು ಎರಚಿದಂತೆ ಚದುರಿದ್ದವು. ತೂತು ಬಿದ್ದದ್ದಕ್ಕೆ ಕಾರಣ ಸ್ಪಷ್ಟವಾಗಿತ್ತು, ಆ ಸಂದಿಯೊಳಗೆ ಇಣುಕುವ ಕ್ಯಾಮೆರಾವೇ ಇರಲಿಲ್ಲ. ಆದರೆ ಬೋಲ್ಟ್ ರಂಧ್ರಗಳನ್ನು ಕನಿಷ್ಠ ಮೂರು ಕ್ಯಾಮೆರಾಗಳು ನೋಡುತ್ತಿದ್ದವು. ಹಾಗಿದ್ದೂ ಅಳತೆ ಏಕೆ ಕೆಟ್ಟಿತು? ಮುಂದಿನ ಕೆಲಸವೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿತು.

ಕಾವಲುಗಾರರ ಸಮಸ್ಯೆ ಎಂದು ಗಣಿತದಲ್ಲಿ ಒಂದಿದೆ. ವಸ್ತುಸಂಗ್ರಹಾಲಯದ ಮೂಲೆಮೂಲೆಯೂ ಕಾಣಬೇಕಾದರೆ ಎಷ್ಟು ಕಾವಲುಗಾರರು ಬೇಕು ಎಂದು ವಿಕ್ಟರ್ ಕ್ಲೀ 1973ರಲ್ಲಿ ಕೇಳಿದರು. ಕಟ್ಟಡದ ನಕ್ಷೆಗೆ ಎಷ್ಟು ಮೂಲೆಗಳಿವೆಯೋ ಅದರ ಮೂರನೆಯ ಒಂದು ಭಾಗದಷ್ಟು ಕಾವಲುಗಾರರು ಸಾಕು ಎಂದು ವಾಟ್ಸ್ಲಾವ್ ಖ್ವಾಟಲ್ 1975ರಲ್ಲಿ ಸಾಧಿಸಿ ತೋರಿಸಿದರು. ಸುಂದರವಾದ ಉತ್ತರ. ಆದರೆ ಕಾವಲುಗಾರನಿಗೆ ಕಂಡರೆ ಸಾಕು, ನನಗೆ ಅಳೆಯಬೇಕು. ಒಂದು ಬಿಂದು ಅಳತೆಗೆ ಸಿಗಬೇಕಾದರೆ ಎರಡು ಕ್ಯಾಮೆರಾಗಳು ಅದನ್ನು ತಕ್ಕ ಕೋನದಲ್ಲಿ ಒಟ್ಟಿಗೆ ನೋಡಬೇಕು, ಪ್ರೊಜೆಕ್ಟರಿನ ಬೆಳಕು ಅದರ ಮೇಲೆ ಬೀಳಬೇಕು, ಚಿತ್ರ ಮಸುಕಾಗಿರಬಾರದು, ನೋಟ ತೀರಾ ಓರೆಯಾಗಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಆ ಬಿಂದು ಲೆಕ್ಕಕ್ಕಿಲ್ಲ.

ಕೋನದ ವಿಷಯವನ್ನು ಅಂಕಿಗಳಲ್ಲಿಯೇ ಹೇಳುತ್ತೇನೆ. ನನ್ನ ಲೆನ್ಸಿನ ನಾಭಿದೂರ 16 ಮಿ.ಮೀ., ಪಿಕ್ಸೆಲ್ ಗಾತ್ರ 3.45 ಮೈಕ್ರಾನ್. ಅಂದರೆ ನಾಭಿದೂರ ಸುಮಾರು 4,640 ಪಿಕ್ಸೆಲ್. ಆಳದ ಅಳತೆಯಲ್ಲಿನ ತಪ್ಪು ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಎರಡು ಕ್ಯಾಮೆರಾಗಳ ನಡುವಿನ ಅಂತರ ಹೆಚ್ಚಿದಂತೆ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ, 250 ಮಿ.ಮೀ. ಅಂತರದಲ್ಲಿ, ಎರಡು ಚಿತ್ರಗಳಲ್ಲಿ ಒಂದೇ ಬಿಂದುವನ್ನು ಹೊಂದಿಸುವಾಗ ಪಿಕ್ಸೆಲಿನ ಹತ್ತನೆಯ ಒಂದರಷ್ಟು ತಪ್ಪಾದರೂ ಆಳದಲ್ಲಿ 0.086 ಮಿ.ಮೀ. ತಪ್ಪುತ್ತದೆ. ಅಂತರ ಇಮ್ಮಡಿಯಾದರೆ ತಪ್ಪು ಅರ್ಧ. ನನ್ನ ವೃತ್ತದಲ್ಲಿ ಅಕ್ಕಪಕ್ಕದ ಕ್ಯಾಮೆರಾಗಳ ಅಂತರ 765 ಮಿ.ಮೀ. ಇತ್ತು, ಕಾಗದದ ಮೇಲೆ ಅದ್ಭುತ. ಆದರೆ 45 ಡಿಗ್ರಿ ಬೇರೆಯಾದ ಎರಡು ನೋಟಗಳಲ್ಲಿ ರಂಧ್ರದ ಅಂಚು ಒಂದೇ ವಸ್ತುವಿನಂತೆ ಕಾಣುವುದಿಲ್ಲ. ಒಂದು ಚಿತ್ರದಲ್ಲಿ ಹೊಳಪು, ಇನ್ನೊಂದರಲ್ಲಿ ನೆರಳು. ಹೊಂದಾಣಿಕೆಯೇ ಕೆಟ್ಟಮೇಲೆ ಪಿಕ್ಸೆಲಿನ ಹತ್ತನೆಯ ಒಂದರ ನಿಖರತೆ ಎಲ್ಲಿಂದ ಬಂದೀತು? ಹಲವು ಪ್ರಯೋಗಗಳ ನಂತರ ಈ ಎರಕಕ್ಕೆ ಎರಡು ನೋಟಗಳ ನಡುವೆ 15ರಿಂದ 35 ಡಿಗ್ರಿ ಸರಿ ಎಂದು ನಿರ್ಧರಿಸಿದೆ. ಮೇಲ್ಮೈಯ ಲಂಬಕ್ಕೆ 60 ಡಿಗ್ರಿಗಿಂತ ಓರೆಯಾದ ನೋಟವನ್ನು ಕೈಬಿಟ್ಟೆ. ಲೆನ್ಸಿನ ಕಿಂಡಿಯನ್ನು f/8 ಅಳತೆಗೆ ಕಿರಿದಾಗಿಸಿ, ಒಂದು ಪಿಕ್ಸೆಲಿನಷ್ಟು ಮಸುಕನ್ನು ಸಹಿಸಿದರೂ, ಸ್ಪಷ್ಟವಾಗಿ ಸಿಗುವ ಆಳ ಸುಮಾರು 21 ಸೆಂ.ಮೀ. ಮಾತ್ರ. ಇನ್ನೂ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯೇ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಚಿತ್ರವನ್ನು ಇನ್ನಷ್ಟು ಮಸುಕಾಗಿಸುತ್ತದೆ. ಆದ್ದರಿಂದ ಈ ಮಿತಿಯನ್ನೂ ಷರತ್ತುಗಳ ಸಾಲಿಗೆ ಸೇರಿಸಿದೆ.

ಇದಾದ ಮೇಲೆ ಹುಡುಕಾಟ. ಕವಚದ ಸುತ್ತ ಅರ್ಧಗೋಲದ ಮೇಲೆ 300 ಜಾಗಗಳನ್ನು ಗುರುತಿಸಿದೆ, ಮೇಲ್ಮೈಯನ್ನು 12,000 ಬಿಂದುಗಳಾಗಿ ಒಡೆದೆ. 300ರಲ್ಲಿ ಎಂಟನ್ನು ಆರಿಸುವ ಬಗೆಗಳು ಹತ್ತು ಕೋಟಿ ಕೋಟಿಗೂ ಹೆಚ್ಚು. ಎಲ್ಲವನ್ನೂ ಪರೀಕ್ಷಿಸುವಂತಿಲ್ಲ. ಪ್ರತಿ ಹಂತದಲ್ಲಿಯೂ ಹೆಚ್ಚು ಹೊಸ ಬಿಂದುಗಳನ್ನು ತರುವ ಕ್ಯಾಮೆರಾವನ್ನು ಆರಿಸುತ್ತ ಹೋಗುವುದು ಸುಲಭದ ದಾರಿ. ಇಂಥ ಆಯ್ಕೆ ಅತ್ಯುತ್ತಮ ಉತ್ತರದ ಕನಿಷ್ಠ ಶೇ 63ರಷ್ಟನ್ನು ತಲುಪಿಯೇ ತೀರುತ್ತದೆ ಎಂಬುದಕ್ಕೆ ಗಣಿತದ ಪುರಾವೆ 1978ರಿಂದಲೂ ಇದೆ. ಆದರೆ ಪ್ರೋಗ್ರಾಂ ಓಡಿಸಿದಾಗ ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟಿತು, 300 ಜಾಗಗಳಿಗೂ ಅಂಕ, ಅಂದರೆ ಅಳತೆಗೆ ಸಿಗುವ ಬಿಂದುಗಳ ಲೆಕ್ಕ, ಸೊನ್ನೆ! ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕುಳಿತೆ. ಒಂಟಿ ಕ್ಯಾಮೆರಾ ಏನನ್ನೂ ಅಳೆಯುವುದಿಲ್ಲ ಎಂದು ನಾನೇ ಬರೆದುಕೊಟ್ಟಿದ್ದೆನಲ್ಲ. ಎರಡನೆಯದು ಬಂದಾಗಲೇ ಮೊದಲನೆಯದಕ್ಕೆ ಬೆಲೆ. ಇಂಥಲ್ಲಿ ಆ ಶೇ 63ರ ಭರವಸೆ ಅನ್ವಯಿಸುವುದಿಲ್ಲ.

ಹಾಗಾಗಿ ಕ್ಯಾಮೆರಾಗಳ ಬದಲು ಜೋಡಿಗಳನ್ನು ಆರಿಸತೊಡಗಿದೆ. 44,850 ಜೋಡಿಗಳಲ್ಲಿ ಕೋನದ ಷರತ್ತಿಗೆ ಹೊಂದಿದವು ಆರು ಸಾವಿರದ ಹತ್ತಿರ. ಅವುಗಳಿಂದ ನಾಲ್ಕು ಜೋಡಿ ಆರಿಸಿ, ನಂತರ ಒಂದೊಂದೇ ಕ್ಯಾಮೆರಾವನ್ನು ಪಕ್ಕದ ಜಾಗಕ್ಕೆ ಸರಿಸಿ, ಅಂಕ ಏರಿದರೆ ಅಲ್ಲೇ ಬಿಡುತ್ತ ಹೋದೆ. ಒಂದು ಕ್ಯಾಮೆರಾ ಎರಡು ಜೋಡಿಗಳಲ್ಲಿ ಪಾಲುದಾರನಾಗುವ ಅನುಕೂಲ ಹೀಗೆ ಸರಿಸುವಾಗಲೇ ಸಿಕ್ಕಿತು. ಲೆಕ್ಕದಲ್ಲಿ ಶೇ 97ರಷ್ಟು ಮೇಲ್ಮೈ ಅಳತೆಗೆ ಬಂತು.

ಕಟ್ಟಿ ನೋಡಿದಾಗ ಶೇ 89. ಬಹಳ ನೋವಾಯಿತು. ಟಾರ್ಚ್ ಹಿಡಿದು ಒಂದೊಂದೇ ಕ್ಯಾಮೆರಾದ ಹಿಂದೆ ನಿಂತು ಅದರ ದೃಷ್ಟಿರೇಖೆಯಲ್ಲೇ ನೋಡಿದೆ. ಅತ್ಯಂತ ಹೆಚ್ಚು ಅಂಕ ಪಡೆದಿದ್ದ ಜೋಡಿಯ ನೋಟ ಫ್ಲೇಂಜಿನ ಅಂಚಿನಿಂದ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋಗುತ್ತಿತ್ತು. ಸ್ಟ್ಯಾಂಡ್ ಅರ್ಧ ಡಿಗ್ರಿ ವಾಲಿದ್ದೇ ತಡ, ಇಡೀ ಸಂದು ಮರೆಯಾಗಿತ್ತು. ಕವಚವನ್ನು ಹಿಡಿದಿದ್ದ ಕ್ಲ್ಯಾಂಪ್ ನನ್ನ ಮಾದರಿಯಲ್ಲಿ ಇರಲೇ ಇಲ್ಲ. ಕ್ಲ್ಯಾಂಪನ್ನು ಮಾದರಿಗೆ ಸೇರಿಸಿದೆ. ಪ್ರತಿ ವಿನ್ಯಾಸವನ್ನೂ 200 ಸಲ ಬೇಕೆಂದೇ ಅಲುಗಾಡಿಸಿ, ಕ್ಯಾಮೆರಾಗಳನ್ನು 5 ಮಿ.ಮೀ. ಆಚೀಚೆ ಸರಿಸಿ, ಒಂದು ಡಿಗ್ರಿ ತಿರುಗಿಸಿ, ಬಂದ ಫಲಿತಾಂಶಗಳಲ್ಲಿ ಅತಿ ಕೆಟ್ಟದ್ದನ್ನೇ ಅಂಕವಾಗಿ ತೆಗೆದುಕೊಂಡೆ. ಲೆಕ್ಕದ ಅಂಕ ಶೇ 95ಕ್ಕೆ ಇಳಿಯಿತು, ಆದರೆ ಈ ಸಲ ಕಟ್ಟಿದ ಮೇಲೂ ಅಷ್ಟೇ ಬಂತು. ಅಲುಗಿದರೆ ಕುಸಿಯುವ 97ಕ್ಕಿಂತ ನಿಲ್ಲುವ 95 ಎಷ್ಟೋ ಮೇಲು.

ಪ್ರೊಜೆಕ್ಟರ್‌ಗಳ ಪಟ್ಟೆಗಳು ಒಂದರ ಮೇಲೊಂದು ಬಿದ್ದರೆ ಓದಲಾಗುವುದಿಲ್ಲ. ಸರದಿಯಂತೆ ಬೆಳಗಿಸಿದೆ, ಸಮಯ ಮೂರು ಪಟ್ಟಾಯಿತು, ಒಪ್ಪಿಕೊಂಡೆ.

ಇನ್ನೊಂದು ದೋಷ ಕೊನೆಗೆ ಕಂಡಿತು. ಕವಚದ ನಡುವೆ, ನುಣ್ಣಗಿರಬೇಕಾದ ಕಡೆ, ಸ್ಕ್ಯಾನಿನಲ್ಲಿ 0.2 ಮಿ.ಮೀ. ಮೆಟ್ಟಿಲು. ಉಗುರಿನಿಂದ ಗೀರಿ ನೋಡಿದೆ, ಲೋಹ ನುಣ್ಣಗೇ ಇತ್ತು. ಎಂಟು ಕ್ಯಾಮೆರಾಗಳು ನಾಲ್ಕು ನಾಲ್ಕರ ಎರಡು ಗುಂಪುಗಳಾಗಿ ಒಡೆದಿದ್ದವು. ಎರಡೂ ಗುಂಪುಗಳ ಕ್ಯಾಲಿಬ್ರೇಷನನ್ನು, ಅಂದರೆ ಕ್ಯಾಮೆರಾಗಳ ಪರಸ್ಪರ ಸ್ಥಾನದ ಲೆಕ್ಕವನ್ನು, ಬೆಸೆದದ್ದು ಒಂದೇ ಒಂದು ದುರ್ಬಲ ಜೋಡಿ. ಯಾವುದೇ ಒಂದು ಕೊಂಡಿ ಕಳಚಿದರೂ ಎಂಟೂ ಕ್ಯಾಮೆರಾಗಳು ಪರಸ್ಪರ ಬೆಸೆದೇ ಇರಬೇಕು ಎಂಬ ಷರತ್ತು ಹಾಕಿ ಮತ್ತೆ ಹುಡುಕಿದೆ. ಎರಡು ಕ್ಯಾಮೆರಾ ಜಾಗ ಬದಲಿಸಿದವು, ಮೆಟ್ಟಿಲು ಮಾಯವಾಯಿತು.

ಫ್ಲೇಂಜಿನ ಬೆನ್ನಿನ ಸಂದಿನ ತಳ ಮಾತ್ರ ಉಳಿಯಿತು. ಅದನ್ನು ಅಳೆಯಬಲ್ಲ ಒಂದು ಜೋಡಿಯೂ ಇರಲಿಲ್ಲ. ಒಂಬತ್ತನೆಯ ಕ್ಯಾಮೆರಾ ತಂದರೂ ವ್ಯರ್ಥ. ಕವಚವನ್ನೇ 20 ಡಿಗ್ರಿ ವಾಲಿಸಿ ಎರಡನೆಯ ಸಲ ಸ್ಕ್ಯಾನ್ ಮಾಡುವ ವ್ಯವಸ್ಥೆ ಮಾಡಿದೆ.

ಚೌಕಟ್ಟು ಅಲ್ಯೂಮಿನಿಯಂನದು. ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್ಸಿಗೆ 23 ಮೈಕ್ರಾನ್ ಹಿಗ್ಗುವ ಲೋಹ. ಒಂದೂವರೆ ಮೀಟರಿನ ತೋಳು ಐದು ಡಿಗ್ರಿ ಬಿಸಿಯಾದರೆ 0.17 ಮಿ.ಮೀ. ಬೆಳೆಯುತ್ತದೆ, ನನಗೆ ಕೊಟ್ಟ ಮಿತಿಗಿಂತ ಹೆಚ್ಚು. ಅದಕ್ಕಾಗಿ ಎರಡು ಸೆರಾಮಿಕ್ ಗೋಲಗಳಿರುವ ಸರಳನ್ನು ದಿನಕ್ಕೆರಡು ಸಲ ಸ್ಕ್ಯಾನ್ ಮಾಡುತ್ತೇನೆ. ಗೋಲಗಳ ನಡುವಿನ ಅಂತರ 0.05 ಮಿ.ಮೀ.ಗಿಂತ ಹೆಚ್ಚು ತಪ್ಪಿದರೆ ಮತ್ತೆ ಕ್ಯಾಲಿಬ್ರೇಷನ್ ಮಾಡಿದ ಮೇಲೆಯೇ ಮುಂದಿನ ಕವಚ.