ಉದ್ರಿ ಪುಸ್ತಕದಿಂದ ಟೆನ್ಯೂರ್‌ವರೆಗೆ: ನನ್ನ ಅನುಭವ

ಅಂಗಡಿ ಲೆಕ್ಕ ಇಟ್ಟುಕೊಂಡು ಅಮೆರಿಕದ ಇತಿಹಾಸ ಬರೆಯೋಕಾಗಲ್ಲ ಅಂದವರೇ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಟೆನ್ಯೂರ್, ಅಂದರೆ ವಿಶ್ವವಿದ್ಯಾಲಯದಲ್ಲಿ ಖಾಯಂ ಅಧ್ಯಾಪಕನ ಹುದ್ದೆ, ಸಿಕ್ಕಿ ಐದು ವರ್ಷವಾಯಿತು. ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ನನ್ನ ವಿಷಯ ಅಂತರ್ಯುದ್ಧದ ನಂತರದ ಮಿಸಿಸಿಪ್ಪಿ, ಅಮೆರಿಕದ ದಕ್ಷಿಣದ ಒಂದು ರಾಜ್ಯ. ಅಲ್ಲಿ ಕೋರಿಗೆ, ಅಂದರೆ ಬೆಳೆಯಲ್ಲಿ ಒಡೆಯನಿಗೆ ಪಾಲು ಕೊಟ್ಟು, ಹತ್ತಿ ಬೆಳೆಯುತ್ತಿದ್ದ ಕಪ್ಪು ಜನರ ಬದುಕು. ಮೊದಲ ಎರಡು ವರ್ಷ ಜಮೀನ್ದಾರರ ಕಾಗದಗಳ ಹಿಂದೆ ಬಿದ್ದು ಹಾಳು ಮಾಡಿಕೊಂಡೆ. ನನಗಿಂತ ಮುಂಚೆ ಹತ್ತು ಜನ ಅವನ್ನು ಓದಿದ್ದರು. ಕೆಲಸಕ್ಕೆ ಸುಮಾರು 70 ಅರ್ಜಿ ಹಾಕಿದ್ದೆ, ಕರೆದದ್ದು ನಾಲ್ಕೇ ಕಡೆ.

ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್‌ನ ರಾಜ್ಯ ಪತ್ರಾಗಾರದಲ್ಲಿ ಒಂದು ದಿನ ಸುಮ್ನೆ, ಈ ಕೋರಿನವರು ಉದ್ರಿ ತರುತ್ತಿದ್ದ ಒಂದು ಅಂಗಡಿಯ ಲೆಡ್ಜರ್ ತೆಗೆಸಿದೆ. ತಿಪಟೂರಿನಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಬರೆದು ಬೆಳೆದವನು ನಾನು. ದಿನಾ ಬರೆದ ಪುಟದಲ್ಲಿ ಮಸಿ ಒಂದೇ ಥರ ಇರುವುದಿಲ್ಲ, ಕೈಯೂ ಒಂದೇ ಥರ ಓಡುವುದಿಲ್ಲ. ಇಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಒಂದೇ ಮಸಿ, ಒಂದೇ ಓಟ. ಹತ್ತಿ ಬಿಡಿಸಿದ ಮೇಲೆ ಕೂತು ಒಂದೇ ಸಲ ಬರೆದದ್ದು! ಹಂದಿಮಾಂಸ, ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ತಂಬಾಕು. ನಡುವೆ ಒಂದು ಸಾಲು: ಮಗುವಿನ ಶವಪೆಟ್ಟಿಗೆ, ಒಂದು. ಅದಕ್ಕೂ ಉದ್ರಿ ದರ. ನಗದಿಗಿಂತ ಉದ್ರಿ ದರ ಜಾಸ್ತಿ, ನಿಮಗೆ ಗೊತ್ತೇ ಇದೆ.

1894ರ ಹೊತ್ತಿಗೆ ಹತ್ತಿ ಪೌಂಡಿಗೆ ಐದು ಸೆಂಟಿನ ಆಸುಪಾಸಿಗೆ ಇಳಿದಿತ್ತು. 500 ಪೌಂಡಿನ ಒಂದು ಬೇಲ್‌ಗೆ, ಅಂದರೆ ಹತ್ತಿ ಮೂಟೆಗೆ, 25 ಡಾಲರ್. ಅರ್ಧ ಒಡೆಯನಿಗೆ. ಉಳಿದ ಹನ್ನೆರಡೂವರೆಯಲ್ಲಿ ಬಾಕಿ ತೀರುತ್ತಾ?

ಈ ಹುಡುಕಾಟಕ್ಕೆ ವಿಶ್ವವಿದ್ಯಾಲಯ ಕೊಟ್ಟದ್ದು 1500 ಡಾಲರ್ ಇರಬೇಕು. ಮೂರು ವಾರದ ಮೋಟೆಲಿಗೇ ಖರ್ಚಾಯಿತು. ಆಮೇಲೆ ಕೈಯಿಂದ ನಾಲ್ಕು ಸಾವಿರ ಹೋಯಿತು. ಮೊದಲ ಬೇಸಿಗೆಯ 1200 ಫೋಟೋ ಪೂರ್ತಿ ದಂಡ. ಪುಟ ಸಂಖ್ಯೆ ಬಿಟ್ಟು ತೆಗೆದಿದ್ದೆ, ಯಾವುದು ಯಾರ ಲೆಕ್ಕ ಅಂತಲೇ ತಿಳಿಯಲಿಲ್ಲ. ಕಿಟಕಿ ಪಕ್ಕದ ಮೇಜು ಹಿಡಿಯಿರಿ. ನೆತ್ತಿಯ ಮೇಲಿನ ದೀಪದಲ್ಲಿ ಮಸಿಯ ವ್ಯತ್ಯಾಸ ಕಾಣುವುದಿಲ್ಲ.

ಮಸಿ ನಂಬಬಹುದಾ ಅಂತ ಗೈಡ್ ಕೇಳಿದ್ದಕ್ಕೆ, ಮಾಚಿಕಾಯಿ, ಅನ್ನಭೇದಿ ತಂದು ಮನೆಯಲ್ಲೇ ಮಸಿ ಮಾಡಿದೆ. ದಿನಾ ಎರಡು ಸಾಲು ಬರೆದೆ. ವಾರ ಕಳೆದಂತೆ ಮಸಿ ಕುಡಿಕೆಯಲ್ಲೇ ಗಟ್ಟಿಯಾಗಿ ಬಣ್ಣ ಬದಲಾಯಿತು. ಅಷ್ಟು ಸಾಕಾಗಲಿಲ್ಲ. ಕೌಂಟಿ ಕೋರ್ಟಿನ ಬೆಳೆ ಅಡಮಾನ ಪತ್ರಗಳ ಜೊತೆ ತಾಳೆ ಹಾಕಿದೆ. ದಿನಾಂಕಗಳು ಕೂಡಲಿಲ್ಲ, ಅಂದರೆ ನನ್ನ ಅನುಮಾನ ನಿಜ. ಎರಡು ಸಲ ವಾಪಸ್ ಬಂದ ಲೇಖನ ಆಗ ಅಚ್ಚಾಯಿತು.

ತರಗತಿಯಲ್ಲೂ ಇದನ್ನೇ ಹೂಡಿದೆ. ಬೇಲ್‌ಗೆ ಹನ್ನೆರಡೂವರೆ ಡಾಲರಿನಂತೆ ಕೋರಿನವನ ಪಾಲು, ಅಂಗಡಿ ದರಪಟ್ಟಿ ಕೊಟ್ಟು ವರ್ಷ ಸಂಸಾರ ನಡೆಸಿ ಅಂದೆ. ಜುಲೈ ದಾಟಿದವರಿಲ್ಲ. 18 ಜನರಿದ್ದ ತರಗತಿ ಈಗ 45.

ಒಬ್ಬನೇ ವ್ಯಾಪಾರಿ ಇಟ್ಟ ಎರಡು ಲೆಕ್ಕದ ಪುಸ್ತಕಗಳನ್ನು ಹೇಗೆ ಪತ್ತೆ ಹಚ್ಚುತ್ತೇನೆ ಅನ್ನೋದನ್ನು ಈಗ ಹೇಳುವುದಿಲ್ಲ, ಮುಂದಿನ ಪುಸ್ತಕ ಅದರ ಮೇಲೇ ನಿಂತಿದೆ. 1907ರಲ್ಲಿ ಮಿಸಿಸಿಪ್ಪಿಯ ಹತ್ತಿಗೆ ಬೋಲ್ ವೀವಿಲ್ ಹುಳ ಬಿತ್ತು. ಆ ನಂತರದ ಲೆಡ್ಜರ್‌ಗಳಿಗಾಗಿ ಈ ಬೇಸಿಗೆ ಮತ್ತೆ ಜಾಕ್ಸನ್‌ಗೆ ಹೊರಟಿದ್ದೇನೆ.