ಟ್ರೌಟ್‌ಗೆ ಯಾವ ತಿಂಗಳು ಯಾವ ಫ್ಲೈ ಕಟ್ಟೋದು: ಕೊಲೊರಾಡೋ ಹೊಳೆಗಳ ಲೆಕ್ಕ

ಅಮೆರಿಕದ ಕೊಲೊರಾಡೋದಲ್ಲಿ, ಡೆನ್ವರ್ ಕಡೆ ಯಾವುದೇ ಫ್ಲೈ ಶಾಪ್‌ಗೆ ಹೋಗಿ, ಟ್ರೇ ತುಂಬ ಹುಳದ ತರ ಕಾಣೋ ಹಾಗೆ ಪುಕ್ಕ ಸುತ್ತಿದ ಕೊಕ್ಕೆಗಳು, ಇವಕ್ಕೇ ಫ್ಲೈ ಅನ್ನೋದು, ನೂರಾರು ತರ, ಒಂದೊಂದಕ್ಕೆ ಎರಡು ಮೂರು ಡಾಲರ್. ಹೊಸಬರು ಚೆನ್ನಾಗಿ ಕಾಣಿಸಿದ್ದನ್ನೆಲ್ಲ ಬಾಚ್ಕೊಂಡು ಬರ್ತಾರೆ, ಹೊಳೆ ಹತ್ರ ನಿಂತಾಗ ಯಾವುದು ಕಟ್ಟಬೇಕು ಅಂತ ಗೊತ್ತಾಗಲ್ಲ. ನಿಜ ಹೇಳ್ಬೇಕಂದ್ರೆ ವರ್ಷಪೂರ್ತಿಗೆ ಹತ್ತು ಹನ್ನೆರಡು ಪ್ಯಾಟರ್ನ್, ಅಂದ್ರೆ ಫ್ಲೈ ಮಾದರಿ, ಸಾಕು. ಯಾವಾಗ ಯಾವುದು ಅನ್ನೋದನ್ನ ಅರ್ಧ ಕ್ಯಾಲೆಂಡರ್ ಹೇಳುತ್ತೆ, ಮಿಕ್ಕಿದ್ದನ್ನ ಹೊಳೆ ಹೇಳುತ್ತೆ, ಆದ್ರೆ ಬಾಕ್ಸ್ ತೆಗೆಯೋಕೆ ಮುಂಚೆ ಹತ್ತು ನಿಮಿಷ ನೀರು ನೋಡೋ ತಾಳ್ಮೆ ಬೇಕು.

ಕಾವೇರೀಲಿ ಮಾಶೀರ್‌ಗೆ ರಾಗಿ ಉಂಡೆ ಹಾಕಿ ಕೂತು ಅಭ್ಯಾಸ ಇರೋರಿಗೆ ಇದು ವಿಚಿತ್ರ ಅನ್ಸುತ್ತೆ. ಅಲ್ಲಿ ವಾಸನೆ, ರುಚಿ ಎಲ್ಲ ಕೆಲಸ ಮಾಡುತ್ತೆ, ಇಲ್ಲಿ ಫ್ಲೈಗೆ ಎರಡೂ ಇಲ್ಲ, ಮೀನಿನ ಕಣ್ಣಿಗೆ ಮೋಸ ಮಾಡ್ಬೇಕು ಅಷ್ಟೆ. ಟ್ರೌಟ್ ಅನ್ನೋ ಈ ತಣ್ಣೀರಿನ ಮೀನು ತಿನ್ನೋದು ಬಹುಪಾಲು ನೀರಲ್ಲೇ ಬೆಳೆಯೋ ಹುಳಗಳನ್ನ. ಅವು ತಿಂಗಳುಗಟ್ಟಲೆ ಕಲ್ಲಿನಡಿ ಇದ್ದು, ನೀರಿನ ಬಿಸಿ ಹದಕ್ಕೆ ಬಂದಾಗ ಒಟ್ಟಿಗೆ ರೆಕ್ಕೆ ಬಿಚ್ಕೊಂಡು ಏಳ್ತವೆ, ನಮ್ಮೂರಲ್ಲಿ ಮೊದಲ ಮಳೆ ಬಿದ್ದ ಸಂಜೆ ಈಸಲು ಏಳುತ್ತಲ್ಲ ಹಾಗೆ. ಇದಕ್ಕೇ ಹ್ಯಾಚ್ ಅನ್ನೋದು. ಆ ಹೊತ್ತಲ್ಲಿ ಮೀನು ಎಷ್ಟೋ ಸಲ ಆ ಒಂದು ಹುಳ ಬಿಟ್ಟು ಬೇರೇದಕ್ಕೆ ಬಾಯಿ ಹಾಕಲ್ಲ.

ಮೊದಲ ಕೆಲಸ, ಕಲ್ಲು ಎತ್ತೋದು

ಮೊಣಕಾಲುದ್ದ ನೀರಲ್ಲಿ, ಸ್ವಲ್ಪ ಹರಿವು ಇರೋ ಕಡೆ, ಅಂಗೈ ಅಗಲದ ಕಲ್ಲು ಎತ್ತಿ ತಿರುಗಿಸಿ. ಚಪ್ಪಟೆ ಮೈ, ಹೊಟ್ಟೆ ಪಕ್ಕದಲ್ಲಿ ಸಣ್ಣ ಕಿವಿರು ಆಡಿಸ್ತಾ ಸರಸರ ಓಡೋದು ಮೇಫ್ಲೈ ಮರಿ. ಸಣ್ಣ ಕಸ ಕಡ್ಡಿ ಅಂಟಿಸ್ಕೊಂಡು ಕೊಳವೆ ತರ ಗೂಡು ಕಟ್ಟಿದ್ರೆ ಕ್ಯಾಡಿಸ್. ಎರಡು ಬಾಲ, ದಪ್ಪ ಕಾಲು, ನಿಧಾನಕ್ಕೆ ತೆವಳೋದು ಸ್ಟೋನ್‌ಫ್ಲೈ. ದಾರದ ಚೂರಿನ ತರ ಇರೋದು ಮಿಡ್ಜ್. ಮೇಫ್ಲೈ ಮರಿ ಸಿಕ್ಕಿದ್ರೆ ಬೆನ್ನು ನೋಡಿ, ಅಲ್ಲಿರೋ ರೆಕ್ಕೆಯ ಮೊಗ್ಗು ಕಪ್ಪಾಗಿ ಉಬ್ಬಿದ್ರೆ ಹ್ಯಾಚ್ ಹತ್ರ ಬಂದಿದೆ ಅಂತ, ಇನ್ನೂ ತಿಳಿ ಬಣ್ಣ ಇದ್ರೆ ಟೈಮ್ ಇದೆ. ಇಷ್ಟು ನೋಡಿದ್ರೇನೆ ಅಂಗಡಿಯವ್ರು ಬೋರ್ಡ್ ಮೇಲೆ ಬರೆದಿರೋ ಹ್ಯಾಚ್ ಚಾರ್ಟ್‌ಗಿಂತ ಜಾಸ್ತಿ ಗೊತ್ತಾಗುತ್ತೆ, ನನ್ನ ಪ್ರಕಾರ.

ಹಾರಾಡ್ತಿರೋ ಹುಳ ಗುರುತಿಸೋದು ಇನ್ನೂ ಸುಲಭ. ರೆಕ್ಕೆ ಹಾಯಿ ತರ ನೆಟ್ಟಗಿದ್ರೆ ಮೇಫ್ಲೈ, ಗುಡಾರದ ತರ ಇಳಿಜಾರಾಗಿದ್ರೆ ಕ್ಯಾಡಿಸ್, ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿದ್ರೆ ಸ್ಟೋನ್‌ಫ್ಲೈ, ಕಚ್ಚದ ಸೊಳ್ಳೆ ತರ ಇದ್ರೆ ಮಿಡ್ಜ್.

ಇನ್ನು ತಿಂಗಳ ಲೆಕ್ಕ

ಚಳಿಗಾಲ ಪೂರ್ತಿ ಮಿಡ್ಜ್‌ದೇ ಕಾರುಬಾರು. ಆಗ ಹೋಗ್ಬೇಕಾದ್ದು ಡ್ಯಾಮಿನ ಕೆಳಗಿನ ಹೊಳೆಗಳಿಗೆ, ಯಾಕಂದ್ರೆ ಜಲಾಶಯದ ತಳದಿಂದ ಬಿಡೋ ನೀರು ಹೆಪ್ಪುಗಟ್ಟಲ್ಲ, ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಹದದಲ್ಲಿರುತ್ತೆ. ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಕಣಿವೆ, ಡೆಕರ್ಸ್ ಇದಕ್ಕೇ ಫೇಮಸ್. ಜೀಬ್ರಾ ಮಿಡ್ಜ್ ಅನ್ನೋ ಫ್ಲೈ 20 ಅಥವಾ 22 ಸೈಜು ತಳಕ್ಕೆ, ಮೇಲೆ ಮೀನು ಎದ್ರೆ ಗ್ರಿಫಿತ್ಸ್ ನ್ಯಾಟ್. ಕೊಕ್ಕೆ ನಂಬರ್ ಜಾಸ್ತಿ ಆದಷ್ಟೂ ಫ್ಲೈ ಸಣ್ಣದು ಅನ್ನೋದು ನೆನಪಿರ್ಲಿ, 22 ಅಂದ್ರೆ ಹೆಚ್ಚುಕಮ್ಮಿ ಸಾಸಿವೆ ಕಾಳು, ಓದೋ ಕನ್ನಡಕ ಮರೀಬೇಡಿ.

ಮಾರ್ಚ್ ಕೊನೆಯಿಂದ ಮೇವರೆಗೆ ಬ್ಲೂ ವಿಂಗ್ಡ್ ಆಲಿವ್, ಸಣ್ಣ ಮೇಫ್ಲೈ, ಬೂದು ರೆಕ್ಕೆ, ಆಲಿವ್ ಹಸಿರು ಮೈ. ಇದಕ್ಕೆ ಬಿಸಿಲು ಆಗಿಬರಲ್ಲ, ಮೋಡ ಮುಚ್ಕೊಂಡು ಜಿಟಿಜಿಟಿ ಮಳೆ ಅಥವಾ ಹಿಮ ಬೀಳೋ ಮಧ್ಯಾಹ್ನನೇ ಬೆಸ್ಟು. ತೇವಕ್ಕೆ ರೆಕ್ಕೆ ಬೇಗ ಒಣಗಲ್ಲ, ಹುಳ ನೀರಿನ ಮೇಲೆ ಜಾಸ್ತಿ ಹೊತ್ತು ತೇಲುತ್ತೆ, ಮೀನಿಗೆ ಹಬ್ಬ. ಬೇರೆಯವರೆಲ್ಲ ಹವಾಮಾನ ಸರಿಯಿಲ್ಲ ಅಂತ ಮನೇಲಿದ್ದಾಗ ನೀವು ಹೊರಡಿ. ಪ್ಯಾರಾಶೂಟ್ ಆಡಮ್ಸ್ 18, 20 ಸೈಜು ಮೇಲಕ್ಕೆ, ಆರ್‌ಎಸ್‌2 ಕೆಳಕ್ಕೆ. ಈ ಆರ್‌ಎಸ್‌2 ಕೊಲೊರಾಡೋದವರೇ ಆದ ರಿಮ್ ಚಂಗ್ ಕಟ್ಟಿದ್ದು, ನೋಡೋಕೆ ಏನೂ ಇಲ್ಲ, ಬೂದು ದಾರ, ಎರಡು ಎಳೆ ಬಾಲ, ಚೂರು ಪುಕ್ಕ, ಆದ್ರೂ ನಾನು ಒಂದೇ ಫ್ಲೈ ಇಟ್ಕೊಳ್ಳಿ ಅಂದ್ರೆ ಇದನ್ನೇ ಇಟ್ಕೋತೀನಿ.

ಏಪ್ರಿಲ್ ಕೊನೆ, ಮೇ ಶುರುವಲ್ಲಿ ಅರ್ಕಾನ್ಸಾ ನದೀಲಿ ಮದರ್ಸ್ ಡೇ ಕ್ಯಾಡಿಸ್. ನೀರು ಸುಮಾರು 54 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 12 ಸೆಲ್ಸಿಯಸ್ ಮುಟ್ಟಿದ ಕೂಡ್ಲೆ ಕ್ಯಾನ್ಯನ್ ಸಿಟಿ ಕಡೆಯಿಂದ ಶುರುವಾಗಿ, ನೀರು ಬೆಚ್ಚಗಾದ ಹಾಗೆ ದಿನದಿಂದ ದಿನಕ್ಕೆ ಮೇಲಕ್ಕೆ ಸಲೈಡಾ ಕಡೆ ಹತ್ತುತ್ತೆ, ಒಳ್ಳೆ ದಿನ ಸಿಕ್ರೆ ಹುಳ ಕಿವಿ ಮೂಗು ಕಾಲರ್ ಒಳಗೆಲ್ಲ. ಇದಕ್ಕೆ ಎಲ್ಕ್ ಹೇರ್ ಕ್ಯಾಡಿಸ್ ಫ್ಲೈ, 14, 16 ಸೈಜು. ಇಲ್ಲೊಂದು ತೊಂದರೆ ಏನಂದ್ರೆ ಲಕ್ಷಾಂತರ ನಿಜವಾದ ಹುಳದ ಮಧ್ಯೆ ನಿಮ್ಮದೊಂದನ್ನೇ ಮೀನು ಯಾಕೆ ಆರಿಸ್ಬೇಕು, ಅದಕ್ಕೇ ಹ್ಯಾಚ್ ಜೋರಾಗೋಕೆ ಮುಂಚಿನ ಗಂಟೆಗಳೇ ಒಳ್ಳೇದು. ಕ್ಯಾಡಿಸ್ ನೀರಿನ ಮೇಲೆ ಜಿಗೀತಾ ಇರುತ್ತಾದ್ದರಿಂದ ಫ್ಲೈನ ಒಂಚೂರು ಅಲ್ಲಾಡಿಸಿದ್ರೂ ನಡೆಯುತ್ತೆ, ಮೇಫ್ಲೈಗೆ ಮಾತ್ರ ಅದು ಬೇಡ.

ಮೇ ಮಧ್ಯದಿಂದ ಜೂನ್‌ವರೆಗೆ ಹಿಮ ಕರಗಿ ಹೊಳೆಗಳು ಕೆಂಪಾಗಿ ಉಕ್ಕಿ ಹರೀತವೆ. ಇಳಿಯೋದು ಅಪಾಯ, ಡ್ಯಾಮಿನ ಕೆಳಗೆ ಹೋಗಿ ಅಥವಾ ಸುಮ್ನಿರಿ. ಒಂದೇ ಒಂದು ಅಪವಾದ ಸಾಲ್ಮನ್‌ಫ್ಲೈ. ಎರಡಿಂಚು ಉದ್ದ, ಕಿತ್ತಳೆ ಹೊಟ್ಟೆ, ಮರಿ ಮೂರ್ನಾಲ್ಕು ವರ್ಷ ಕಲ್ಲಿನಡಿ ಬೆಳೆದು ಜೂನಲ್ಲಿ ದಡಕ್ಕೆ ತೆವಳಿ ಬರುತ್ತೆ. ಗನಿಸನ್ ನದಿ ದಡದ ಪೊದೆಗಳಲ್ಲಿ ಖಾಲಿ ಚಿಪ್ಪು ಅಂಟಿರೋದು ಕಂಡ್ರೆ ದಡದ ಪಕ್ಕದಲ್ಲೇ ಎಸೀರಿ, ಮೀನೂ ಅಲ್ಲೇ ಕಾಯ್ತಿರುತ್ತೆ. ಮೇಲಕ್ಕೆ ಚರ್ನೋಬಿಲ್ ಅನ್ನೋ ದೊಡ್ಡ ಫ್ಲೈ 6 ಸೈಜು, ಕೆಳಕ್ಕೆ ರಬ್ಬರ್ ಲೆಗ್ಸ್ ಅನ್ನೋದು.

ಜುಲೈ, ಆಗಸ್ಟ್‌ಗೆ ಎಲ್ಲ ಒಟ್ಟಿಗೆ. ಬೆಳಗ್ಗೆ ಹತ್ತರ ಮೇಲೆ ತಿಳಿ ಹಳದಿಯ ಮೇಫ್ಲೈ ಪೇಲ್ ಮಾರ್ನಿಂಗ್ ಡನ್, 16, 18 ಸೈಜು. ರೂಡೈ ಜಲಾಶಯದ ಕೆಳಗಿನ ಫ್ರೈಯಿಂಗ್‌ಪ್ಯಾನ್ ಹೊಳೆಯಲ್ಲಿ ದಪ್ಪ ಮೇಫ್ಲೈ ಗ್ರೀನ್ ಡ್ರೇಕ್, 10, 12. ಮುಂಜಾನೆ ಟ್ರೈಕೋ ಅನ್ನೋ ಪುಟ್ಟ ಮೇಫ್ಲೈ, 22, 24. ಆಗಸ್ಟ್‌ನಿಂದ ಮಿಡತೆ, ಗಾಳಿ ಬೀಸೋ ಮಧ್ಯಾಹ್ನ ಹುಲ್ಲಿನ ದಡದಿಂದ ತಾವೇ ನೀರಿಗೆ ಬೀಳ್ತವೆ, ಮಿಡತೆ ತರದ ಹಾಪರ್ ಫ್ಲೈ ಕಟ್ಟಿ ಅದರ ಕೊಕ್ಕೆಗೆ ಒಂದೂವರೆ ಅಡಿ ದಾರದಲ್ಲಿ ಮುಳುಗೋ ಫ್ಲೈ ಫೆಸೆಂಟ್ ಟೈಲ್ ನೇತು ಹಾಕಿ. ಸೆಪ್ಟೆಂಬರ್, ಅಕ್ಟೋಬರ್‌ಗೆ ಮತ್ತೆ ಬ್ಲೂ ವಿಂಗ್ಡ್ ಆಲಿವ್, ಆಮೇಲೆ ಮಿಡ್ಜ್.

ಮೀನು ಎಲ್ಲಿ ತಿಂತಿದೆ ನೋಡಿ

ಹೊಸಬರು ಸೋಲೋದು ಹೆಚ್ಚಾಗಿ ಇಲ್ಲೇ. ಹುಳ ಸರಿ, ಸೈಜು ಸರಿ, ಆದ್ರೂ ಮೀನು ಮುಟ್ಟಲ್ಲ. ನೀರು ಕಲಕಿದ ಜಾಗ ಗಮನಿಸಿ. ಮೂತಿ ಹೊರಗೆ ಬಂದು, ಸುಳಿಯಲ್ಲಿ ಒಂದು ಗುಳ್ಳೆ ಉಳೀತು ಅಂದ್ರೆ ಮೇಲ್ಮೈ ಮೇಲಿನ ಹುಳಾನೇ ನುಂಗಿದೆ, ಒಣ ಫ್ಲೈ ಹಾಕಿ. ಗುಳ್ಳೆ ಇಲ್ದೆ ಬೆನ್ನು, ಬಾಲ ಮಾತ್ರ ಕಂಡ್ರೆ, ರೆಕ್ಕೆ ಬಿಚ್ತಾ ಇನ್ನೂ ನೀರಿನ ಪೊರೆಗೆ ಸಿಕ್ಕೊಂಡಿರೋ ಹುಳ ತಿಂತಿದೆ, ಆ ಹಂತದ ಹುಳದ ತರ ಇರೋ ಎಮರ್ಜರ್ ಫ್ಲೈ ಬೇಕು. ಏನೂ ಕಾಣ್ದೆ ತಳದಲ್ಲಿ ಬೆಳ್ಳಿ ಮಿಂಚಿದ ಹಾಗಾದ್ರೆ ನಿಂಫ್, ಅಂದ್ರೆ ಮರಿ ಹುಳದ ತರದ ಮುಳುಗೋ ಫ್ಲೈ.

ಆಗ್ಲೂ ತಗೊಳ್ಳಲಿಲ್ವಾ, ತಕ್ಷಣ ಫ್ಲೈ ಬದಲಾಯಿಸ್ಬೇಡಿ. ಅದು ಹರಿವಿನ ವೇಗದಲ್ಲೇ ತೇಲ್ತಿದೆಯಾ, ಅಥವಾ ದಾರ ಎಳೆದು ಗೆರೆ ಬೀಳ್ತಿದೆಯಾ ನೋಡಿ. ಅದು ಸರಿ ಇದ್ರೆ ಒಂದು ಸೈಜು ಸಣ್ಣ ಫ್ಲೈ ಹಾಕಿ, ಆಮೇಲೆ ಆಕಾರ, ಬಣ್ಣ ಕೊನೆಗೆ. ಅಂಗಡೀಲಿ ಬಣ್ಣ ನೋಡಿ ಮಾರ್ತಾರೆ, ಮೀನು ಮೊದಲು ನೋಡೋದು ಸೈಜನ್ನ.

16 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು, ಎಷ್ಟೋ ಕಡೆ ಕೃತಕ ಫ್ಲೈ ಮಾತ್ರ, ಬೋರ್ಡ್ ಓದಿ. ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ರೆ ಬಿಡೋದು ಸುಲಭ. ಒಂದು ಸಣ್ಣ ಥರ್ಮಾಮೀಟರ್ ಜೇಬಲ್ಲಿರ್ಲಿ. ನೀರು 68 ಫ್ಯಾರನ್‌ಹೀಟ್, ಅಂದ್ರೆ 20 ಸೆಲ್ಸಿಯಸ್ ದಾಟಿದ್ರೆ ಆಮ್ಲಜನಕ ಕಮ್ಮಿ ಆಗಿರುತ್ತೆ, ಹಿಡಿದು ಬಿಟ್ಟ ಮೀನೂ ಆಮೇಲೆ ಸಾಯಬಹುದು, ಬೇಸಿಗೇಲಿ ಇಲಾಖೆಯವ್ರೇ ಎಷ್ಟೋ ಹೊಳೆಗಳಲ್ಲಿ ಮಧ್ಯಾಹ್ನದ ಮೇಲೆ ಮೀನು ಹಿಡೀಬೇಡಿ ಅಂತ ಕೇಳ್ಕೋತಾರೆ. ಅಂಥ ವಾರಗಳಲ್ಲಿ ಬೆಳಗ್ಗೆ ಟ್ರೈಕೋಗೆ ಹೋಗಿ, ಊಟದ ಹೊತ್ತಿಗೆ ರಾಡ್ ಬಿಚ್ಚಿ ಕಾರಲ್ಲಿಡಿ, ಇಲ್ಲಾ ಹತ್ತು ಸಾವಿರ ಅಡಿ ಮೇಲಿನ ತಣ್ಣನೆ ತೊರೆ ಕಡೆ ಹತ್ತಿ, ಅಲ್ಲಿನ ಮರಿ ಟ್ರೌಟ್‌ಗಳು ಆಡಮ್ಸ್ ಹಾಕಿದ್ರೂ ಬರ್ತವೆ, ಹಾಪರ್ ಹಾಕಿದ್ರೂ ಬರ್ತವೆ.